ಹಿರಿಯರ ಮನೋವ್ಯಥೆ ಮತ್ತು ಚಿಕಿತ್ಸೆಯ ಹಿಂಜರಿಕೆ

ಆಷಾಢದ ಮಳೆ ಹಿಡಿಯಿತೆಂದರೆ ಸೋಮವಾರಪೇಟೆ, ಶಾಂತಳ್ಳಿ ಕಡೆಯ ಮನೆಗಳಲ್ಲಿ ದಿನಗಟ್ಟಲೆ ಅಂಗಳಕ್ಕೆ ಇಳಿಯುವಂತಿರುವುದಿಲ್ಲ. ವಿದ್ಯುತ್ತು ಹೋದರೆ ಯಾವಾಗ ಬಂದೀತೆಂದು ಹೇಳಲಾಗದು. ಅಂತಹ ಒಂದು ಮಳೆಗಾಲದಲ್ಲಿ ನನ್ನ ಸೋದರತ್ತೆಯವರು, ಆಗ ಅವರಿಗೆ ಎಪ್ಪತ್ತೊಂದು ವರ್ಷ, “ಎದೆಯೊಳಗೆ ಉರಿ, ಊಟ ಸೇರುವುದಿಲ್ಲ, ಬೆಳಗಿನ ಜಾವ ಮೂರಕ್ಕೆಲ್ಲ ಎಚ್ಚರ ಮಗಾ” ಎಂದರು. ನಾನು ವೈದ್ಯ. ಗ್ಯಾಸಿನ ಮಾತ್ರೆ ಬರೆದುಕೊಟ್ಟೆ. ಅದು ನಾಟದಿದ್ದಾಗ ಇನ್ನೊಂದು ಬರೆದೆ. ಇಸಿಜಿ ತೆಗೆಸಿದೆ, ಮೈಸೂರಿಗೆ ಕಳುಹಿಸಿ ಹೊಟ್ಟೆಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆಯನ್ನೂ ಮಾಡಿಸಿದೆ. ಎಲ್ಲವೂ ಸರಿಯಾಗಿದೆ ಎಂಬ ವರದಿ ಬಂತು. ಹೀಗೆ ಎರಡು ವರ್ಷ ಕಳೆಯಿತು.

ಕಾಯಿಲೆ ಯಾವುದೆಂದು ಗುರುತಿಸಿದವರು ನಾನಲ್ಲ. ಆ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು. “ಅಮ್ಮಾವ್ರು ಈ ಸಲ ಕಾಫಿ ಕಣದ ಕಡೆಗೇ ಬರಲಿಲ್ಲ ಡಾಕ್ಟ್ರೇ. ಪೂಜೆಗೆ ಕೂತರೂ ಸುಮ್ಮನೆ ಕೂತಿರ್ತಾರೆ” ಎಂದು ಆಕೆ ಹೇಳಿದಾಗ ನನಗೆ ನಾಚಿಕೆಯಾಯಿತು. ಮಾವನವರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಒಬ್ಬರೇ ನಿಂತು ಕೊಯ್ಲು ಮಾಡಿಸಿದ ಹೆಂಗಸು ಕಣಕ್ಕೆ ಹೋಗುವುದನ್ನು ಬಿಟ್ಟಿದ್ದರು. ನಾನು ಅವರ ಹೊಟ್ಟೆಯನ್ನು ನಾಲ್ಕು ಬಾರಿ ಮುಟ್ಟಿ ನೋಡಿದ್ದೆ. ಅವರ ದಿನ ಹೇಗೆ ಕಳೆಯುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವರಿಗಿದ್ದದ್ದು ಖಿನ್ನತೆ. ವೃದ್ಧಾಪ್ಯದಲ್ಲಿ ಖಿನ್ನತೆ ಬಹುಮಟ್ಟಿಗೆ ಅಳುವಿನ ರೂಪದಲ್ಲಿ ಬರುವುದಿಲ್ಲ. ಉರಿ, ಸುಸ್ತು, ಮಲಬದ್ಧತೆ, ಮೈಕೈ ನೋವು, ತಲೆ ಭಾರ, ಎದೆ ಢವಢವ, ನಿದ್ರಾನಾಶ, ತೂಕ ಇಳಿಯುವುದು, ಮರೆವು, ಕಾರಣವಿಲ್ಲದ ಸಿಡುಕು ಇವೇ ಅದರ ವೇಷಗಳು. “ನನಗೆ ಬೇಸರವಾಗಿದೆ” ಎಂದು ಹೇಳುವ ರೂಢಿ ಆ ತಲೆಮಾರಿಗೆ ಇಲ್ಲ. “ಮೈಯಲ್ಲಿ ಆಗುವುದಿಲ್ಲ” ಎನ್ನುವ ರೂಢಿ ಇದೆ. ನಮ್ಮ ಮಡಿಕೇರಿ ಕಡೆಯ ಹಿರಿಯರು “ಮಂಡೆ ಬಿಸಿ” ಎನ್ನುತ್ತಾರೆ. ಆ ಎರಡು ಪದಗಳಲ್ಲಿ ಚಿಂತೆ, ಭಯ, ದುಃಖ, ನಿದ್ರೆಗೇಡು ಎಲ್ಲವೂ ಅಡಗಿರುತ್ತವೆ. ವೈದ್ಯನಾದವನು ಅದನ್ನು ತಲೆನೋವೆಂದು ಬರೆದುಕೊಂಡರೆ ತಪ್ಪು ಅವರದಲ್ಲ.

ಅಂಕಿಗಳು ಹೇಳುವುದೇನು?

ನಮ್ಮ ದೇಶದಲ್ಲಿ 2017-18ರಲ್ಲಿ ವೃದ್ಧಾಪ್ಯವನ್ನು ಕುರಿತು ಒಂದು ಬೃಹತ್ ಸಮೀಕ್ಷೆ ನಡೆಯಿತು. ‘ಲಾಸಿ’ ಎಂಬುದು ಅದರ ಸಂಕ್ಷಿಪ್ತ ಹೆಸರು. ಅರವತ್ತು ದಾಟಿದವರಲ್ಲಿ “ನಿಮಗೆ ಖಿನ್ನತೆಯಿದೆ ಎಂದು ಯಾವ ವೈದ್ಯರಾದರೂ ಹೇಳಿದ್ದಾರೆಯೇ?” ಎಂದು ಕೇಳಿದಾಗ ಹೌದೆಂದವರು ಶೇಕಡ 0.8ರಷ್ಟು ಮಾತ್ರ. ಅದೇ ವಯಸ್ಸಿನವರಿಗೆ ರೋಗಲಕ್ಷಣಗಳ ಕ್ರಮಬದ್ಧ ಪ್ರಶ್ನಾವಳಿಯನ್ನು ಮುಂದಿಟ್ಟಾಗ ತೀವ್ರ ಖಿನ್ನತೆ ಇರಬಹುದೆಂದು ಕಂಡುಬಂದವರು ಶೇಕಡ 8.3. ಅಂದರೆ ಹತ್ತು ಮಂದಿ ಬಳಲುತ್ತಿದ್ದರೆ ಒಬ್ಬರಿಗೆ ಮಾತ್ರ ಅದು ಕಾಯಿಲೆಯೆಂದು ಯಾರೋ ಹೇಳಿದ್ದಾರೆ. ಉಳಿದ ಒಂಬತ್ತು ಮಂದಿ ನನ್ನ ಅತ್ತೆಯವರಂತೆ ಗ್ಯಾಸಿನ ಮಾತ್ರೆ ನುಂಗುತ್ತಿದ್ದಾರೆ, ಇಲ್ಲವೇ ಏನನ್ನೂ ನುಂಗದೆ ಸುಮ್ಮನಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಇದನ್ನೇ ಬೇರೆ ದಾರಿಯಲ್ಲಿ ಕಂಡಿತು: ಬಹುತೇಕ ಮನೋರೋಗಗಳಲ್ಲಿ ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣ ಶೇಕಡ 70ಕ್ಕೂ ಹೆಚ್ಚು.

ಇದನ್ನು ಓದಿದ ಮೇಲೆ “ಮುದುಕರು ಹಟಮಾರಿಗಳು, ಆಸ್ಪತ್ರೆಗೆ ಬರುವುದಿಲ್ಲ” ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೆನಡಾ, ಅಮೆರಿಕ ದೇಶಗಳಲ್ಲಿ ನಡೆದ ಕೆಲವು ಅಧ್ಯಯನಗಳು, ಮನೋವೈದ್ಯಕೀಯ ನೆರವಿನ ಬಗ್ಗೆ ಹಿರಿಯರ ಅಭಿಪ್ರಾಯ ಕಿರಿಯರಿಗಿಂತ ಕೆಟ್ಟದ್ದೇನೂ ಅಲ್ಲ, ಕೆಲವೊಮ್ಮೆ ಉತ್ತಮವಾಗಿಯೇ ಇದೆ ಎಂದು ತೋರಿಸಿವೆ. ಆದರೂ ಅವರು ನೆರವು ಪಡೆಯುವುದು ಕಡಿಮೆ. ಕಾರಣ, ತಮಗೆ ಆಗುತ್ತಿರುವುದನ್ನು ಅವರು ಕಾಯಿಲೆಯೆಂದು ಎಣಿಸುವುದೇ ಇಲ್ಲ. “ವಯಸ್ಸಾಯಿತು, ಇನ್ನೇನು” ಎಂಬ ಒಂದೇ ವಾಕ್ಯ ಆಸ್ಪತ್ರೆಯ ದಾರಿಯನ್ನು ಮುಚ್ಚುತ್ತದೆ. ಅವರೊಬ್ಬರೇ ಹಾಗೆನ್ನುವುದಲ್ಲ, ಮಗ, ಸೊಸೆ, ನೆರೆಯವರು, ಕೆಲವೊಮ್ಮೆ ವೈದ್ಯನೂ ಅದನ್ನೇ ಹೇಳುತ್ತಾನೆ. ಎಪ್ಪತ್ತು ವರ್ಷದವರಿಗೆ ಕಣ್ಣಿನ ಪೊರೆ ಬಂದರೆ ವಯಸ್ಸಾಯಿತೆಂದು ಬಿಡುತ್ತೇವೆಯೆ? ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆ.

ಭಯಕ್ಕೂ ಒಂದು ಇತಿಹಾಸವಿದೆ

ಹಿರಿಯರು ಮನೋವೈದ್ಯರ ಹೆಸರು ಕೇಳಿದೊಡನೆ ಬೆಚ್ಚುವುದು ನಿಜ. ಅದನ್ನು ಅಜ್ಞಾನವೆಂದು ತಳ್ಳಿಹಾಕುವ ಮುನ್ನ, ಅವರು ಯುವಕರಾಗಿದ್ದಾಗ ಏನನ್ನು ಕಂಡಿದ್ದರು ಎಂಬುದನ್ನು ನೆನೆಯಬೇಕು. ಈಗ ಎಂಬತ್ತರ ಆಸುಪಾಸಿನಲ್ಲಿರುವವರ ಯೌವನದಲ್ಲಿ ಈ ನಾಡಿನ ಮನೋರೋಗಿಗಳನ್ನು ಕುರಿತ ಕಾನೂನು 1912ರದು. ಅದರ ಹೆಸರಿನಲ್ಲಿಯೇ ‘ಹುಚ್ಚು’ ಎಂಬ ಅರ್ಥದ ಇಂಗ್ಲಿಷ್ ಪದವಿತ್ತು. ಆಸ್ಪತ್ರೆಗೆ ಸೇರಿಸಲು ಪೊಲೀಸರು, ಮ್ಯಾಜಿಸ್ಟ್ರೇಟರ ಆದೇಶ ಇವು ನಡುವೆ ಬರುತ್ತಿದ್ದವು. 1987ರ ಕಾಯ್ದೆ ಬರುವತನಕ ಇದೇ ಸ್ಥಿತಿ. ಬೆಂಗಳೂರಿನದಾಗಲಿ ಧಾರವಾಡದ್ದಾಗಲಿ ಜನರ ಬಾಯಲ್ಲಿ ‘ಹುಚ್ಚಾಸ್ಪತ್ರೆ’ಯೇ. ಅಲ್ಲಿಗೆ ಹೋದವರು ಮರಳಿ ಬಾರದ ಕಥೆಗಳು ಊರೂರಿನಲ್ಲಿದ್ದವು. ಬಂದವರನ್ನೂ ಊರು ಹಳೆಯ ಹೆಸರಿನಿಂದಲೇ ಕರೆಯುತ್ತಿತ್ತು. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ನೀಡುತ್ತಿದ್ದ ಕಾಲವೂ ಒಂದಿತ್ತು. ನಮ್ಮ ಹಿರಿಯರ ಮನಸ್ಸಿನಲ್ಲಿ ಉಳಿದಿರುವುದು ಆ ಚಿತ್ರ.

ಚಿತ್ರ ಬದಲಾಗಿದೆ ಎಂಬುದನ್ನು ಯಾರೂ ಅವರಿಗೆ ಕುಳಿತು ಹೇಳಿಲ್ಲ. ಬೆಂಗಳೂರಿನ ಆ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು ಹಳ್ಳಿಗಳಿಗೆ ಇಳಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ದಾದಿಯರಿಗೂ ತರಬೇತಿ ಕೊಟ್ಟು, ಸಾಮಾನ್ಯ ಮನೋರೋಗಗಳಿಗೆ ಊರಿನಲ್ಲಿಯೇ ಔಷಧ ದೊರೆಯುವಂತೆ ಮಾಡಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕನ್ನಡಿಗರು ಹೆಮ್ಮೆಪಡಬೇಕಾದ ಈ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಣಿಯಲ್ಲಿ ಕಟ್ಟುವುದನ್ನೂ, ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ವಿದ್ಯುತ್ ಚಿಕಿತ್ಸೆ ನೀಡುವುದನ್ನೂ ನಿಷೇಧಿಸಿದೆ. ಇಂದು ಖಿನ್ನತೆಗೆ ಚಿಕಿತ್ಸೆ ಪಡೆಯುವ ಹಿರಿಯರಲ್ಲಿ ಬಹುಪಾಲು ಜನ ಆಸ್ಪತ್ರೆಯಲ್ಲಿ ಒಂದು ರಾತ್ರಿಯನ್ನೂ ಕಳೆಯುವುದಿಲ್ಲ. ಚೀಟಿ ಮಾಡಿಸಿ, ಮಾತನಾಡಿ, ಮಾತ್ರೆ ಪಡೆದು ಸಂಜೆಯ ಬಸ್ಸಿಗೆ ಮನೆಗೆ ಬರುತ್ತಾರೆ.

ಉಯಿಲು, ಆಸ್ತಿ, ಮದುವೆ

ಇನ್ನೊಂದು ಭಯ ಹೆಚ್ಚು ಗುಟ್ಟಿನದು. ತೋಟ, ಗದ್ದೆ ಇರುವ ಹಿರಿಯರು ನನ್ನ ಬಳಿ ಬಾಗಿಲು ಹಾಕಿಸಿ ಕೇಳಿದ ಪ್ರಶ್ನೆ ಇದು: “ಮನೋರೋಗದ ಮಾತ್ರೆ ತೆಗೆದುಕೊಂಡೆನೆಂದು ಕಾಗದದಲ್ಲಿ ಬಂದರೆ, ನಾಳೆ ನನ್ನ ಉಯಿಲು ನಡೆಯುತ್ತದೆಯೆ? ಬುದ್ಧಿಸ್ಥಿಮಿತವಿರಲಿಲ್ಲ ಎಂದು ಕೋರ್ಟಿಗೆ ಹೋದರೆ?” ಇದು ಪೊಳ್ಳು ಭಯವಲ್ಲ. ಪಾಲಿನ ವ್ಯಾಜ್ಯಗಳಲ್ಲಿ ಅಂತಹ ವಾದಗಳನ್ನು ಹೂಡುವವರಿದ್ದಾರೆ. ಆದರೆ ಕಾನೂನು ಏನನ್ನುತ್ತದೆ ಎಂಬುದು ಸ್ಪಷ್ಟವಾಗಿದೆ. ಒಬ್ಬ ವ್ಯಕ್ತಿಗೆ ಮಾನಸಿಕ ಕಾಯಿಲೆಯಿದೆ ಎಂದು ನಿರ್ಧರಿಸಿದ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ಅವರನ್ನು ಅಸ್ವಸ್ಥ ಚಿತ್ತದವರೆಂದು ಭಾವಿಸುವಂತಿಲ್ಲ ಎಂದು 2017ರ ಕಾಯ್ದೆಯ 3ನೆಯ ಪ್ರಕರಣವೇ ಹೇಳುತ್ತದೆ. ಉಯಿಲು ಬರೆಯುವ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆ ಎಂಬ ತಿಳಿವಳಿಕೆ ಇರಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಅದನ್ನು. ನಿದ್ರೆಯಿಲ್ಲದೆ, ಊಟವಿಲ್ಲದೆ, ಖಿನ್ನತೆಯಲ್ಲಿ ಮುಳುಗಿ ಸಹಿ ಹಾಕಿದವರಿಗಿಂತ ಚಿಕಿತ್ಸೆ ಪಡೆದು ಚೇತರಿಸಿಕೊಂಡು ಸಹಿ ಹಾಕಿದವರ ಕಾಗದವೇ ಗಟ್ಟಿ. ಸಂಶಯವಿದ್ದರೆ ಉಯಿಲು ಬರೆಯುವ ದಿನವೇ ವೈದ್ಯರಿಂದ ಒಂದು ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬಹುದು.

ಮೊಮ್ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆ ಹೆಂಗಸರಲ್ಲಿ ಹೆಚ್ಚು. ಇದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ; ಸಂಬಂಧ ಬೆಳೆಸುವ ಮನೆಗಳ ನಡವಳಿಕೆಯಲ್ಲಿ ಮಾತ್ರ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಮನೆಯಿಂದ ಹೆಣ್ಣು ತರುವ ನಾವು, ಅಜ್ಜಿ ನಿದ್ರೆಯ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಹಿಂಜರಿಯುವುದು ಯಾವ ನ್ಯಾಯ?

ಕೊಡಗಿನ ಮನೆಗಳ ವಿಶೇಷ

ನಮ್ಮ ಜಿಲ್ಲೆಯ ಸ್ಥಿತಿಗೆ ಕೆಲವು ವಿಶೇಷಗಳಿವೆ. ಮೊದಲನೆಯದು ಒಂಟಿತನ. ಇಲ್ಲಿ ಮನೆಗಳು ಒತ್ತೊತ್ತಾಗಿ ಕೂಡಿರುವ ಬೀದಿಗಳಲ್ಲಿಲ್ಲ. ತೋಟದ ನಡುವೆ ಒಂದು, ಅರ್ಧ ಮೈಲಿಯಾಚೆ ಇನ್ನೊಂದು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಹೊರದೇಶದಲ್ಲಿ. ಆನೆಯ ಭಯದಿಂದ ಸಂಜೆಯಾದ ಮೇಲೆ ನೆರೆಮನೆಗೆ ನಡೆದುಹೋಗುವಂತಿಲ್ಲ. ಭಾನುವಾರದ ದೂರವಾಣಿಯಲ್ಲಿ “ಚೆನ್ನಾಗಿದ್ದೀರಾ?” ಎಂಬುದಕ್ಕೆ “ಚೆನ್ನಾಗಿದ್ದೇವೆ” ಎಂಬ ಉತ್ತರ ಬರುತ್ತದೆ, ಬೇರೆ ಉತ್ತರ ಕೊಟ್ಟರೆ ಮಗ ರಜೆ ಹಾಕಿ ಬರಬೇಕಾದೀತೆಂಬ ಸಂಕೋಚ. ಇತ್ತ ಲೈನ್ ಮನೆಗಳಲ್ಲಿ ದುಡಿದು ಹಣ್ಣಾದ ಕೂಲಿಕಾರ ಹಿರಿಯರ ಸಂಕಟವೇ ಬೇರೆ. ಅವರ ನಿದ್ರೆಯನ್ನು ಕೇಳುವವರು ಇನ್ನೂ ಕಡಿಮೆ. ನಾವು ವೈದ್ಯರು ಅವರ ಕೆಮ್ಮನ್ನು ಕೇಳಿ ಕಳುಹಿಸುತ್ತೇವೆ.

ಎರಡನೆಯದು 2018ರ ಆಗಸ್ಟ್. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹೆಬ್ಬೆಟ್ಟಗೇರಿ ಎಂಬ ಹೆಸರುಗಳನ್ನು ನಾಡಿಗೆ ನಾಡೇ ಕೇಳಿತು. ಬೆಟ್ಟಗಳು ಜಾರಿ ಬಂದವು. ಮುಂದಿನ ವರ್ಷ ತೋರ, ಅದರ ಮುಂದಿನ ವರ್ಷ ತಲಕಾವೇರಿಯ ಬೆಟ್ಟ. ಆಗ ನಿಮ್ಹಾನ್ಸಿನ ತಂಡಗಳು ಬಂದು ಸಂತ್ರಸ್ತರಿಗೆ ಮನೋಸಾಮಾಜಿಕ ನೆರವು ನೀಡುವ ಕೆಲಸದಲ್ಲಿ ತೊಡಗಿದ್ದವು. ಪುನರ್ವಸತಿಯ ಹೊಸ ಮನೆಗಳೂ ಎದ್ದವು. ಮನೆಯೇನೋ ಸಿಕ್ಕಿತು, ಆದರೆ ಮೂರು ತಲೆಮಾರು ನೆಟ್ಟು ಬೆಳೆಸಿದ ಕಿತ್ತಳೆ, ಕಾಫಿ, ಮೆಣಸಿನ ಬಳ್ಳಿ, ಹಿರಿಯರ ಸಮಾಧಿ ಇವುಗಳನ್ನು ಬಿಟ್ಟು ಎರಡು ಕೋಣೆಯ ಮನೆಗೆ ಬಂದ ಎಪ್ಪತ್ತೈದರ ರೈತನಿಗೆ ಅದು ಕಳೆದುಕೊಂಡದ್ದರ ಮರುಪಾವತಿಯಲ್ಲ. ರಾತ್ರಿ ಹೆಂಚಿನ ಮೇಲೆ ಮಳೆ ಬಿರುಸಾದರೆ ಈಗಲೂ ಎದ್ದು ಕುಳಿತು, ಬಾಗಿಲ ಬಳಿ ಚೀಲ ಸಿದ್ಧಮಾಡಿಟ್ಟುಕೊಳ್ಳುವ ಹಿರಿಯರನ್ನು ನಾನು ಬಲ್ಲೆ. ಮನೆಯವರು ಅದನ್ನು ‘ಅಜ್ಜನ ಚಟ’ ಎನ್ನುತ್ತಾರೆ. ಅದು ಚಟವಲ್ಲ. ಆಘಾತದ ನಂತರ ಉಳಿಯುವ ಮನೋವ್ಯಾಧಿಯ ಲಕ್ಷಣ, ಅದಕ್ಕೆ ಚಿಕಿತ್ಸೆಯಿದೆ.

ಮೂರನೆಯದು ಸೈನ್ಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಈ ನಾಡಿನಲ್ಲಿ ಮಾಜಿ ಸೈನಿಕರಿಲ್ಲದ ಊರಿಲ್ಲ. ಗಟ್ಟಿತನವನ್ನೇ ಬಾಳೆಂದು ಕಲಿತವರು “ನನಗೆ ಭಯವಾಗುತ್ತದೆ” ಎಂದು ಹೇಳುವುದು ಕಷ್ಟ. ನಿದ್ರೆಗೆಂದು ಕ್ಯಾಂಟೀನಿನ ರಮ್ ಒಂದು ಪೆಗ್ಗಿನಿಂದ ಮೂರಕ್ಕೆ ಏರುತ್ತದೆ. ಮದ್ಯವು ನಿದ್ರೆ ಹಿಡಿಸುತ್ತದೆ, ಆದರೆ ನಡುರಾತ್ರಿಯಲ್ಲಿ ಎಬ್ಬಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ, ನಿದ್ರೆಮಾತ್ರೆಯೊಡನೆ ಕೂಡಿದರೆ ಉಸಿರಿಗೇ ಕುತ್ತು. ಬಹುಕಾಲ ದಿನವೂ ಕುಡಿದವರು ಮನೆಯವರ ಒತ್ತಾಯಕ್ಕೆ ಒಮ್ಮೆಲೇ ಬಿಟ್ಟರೂ ಅಪಾಯ. ಎರಡು ಮೂರು ದಿನಗಳಲ್ಲಿ ಕೈನಡುಕ, ಭ್ರಮೆ, ಫಿಟ್ಸ್ ಬರಬಹುದು. ಬಿಡಿಸುವುದು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಆಗಬೇಕು.

ನಾಲ್ಕನೆಯದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಕೋವಿ ನಮ್ಮ ಅನೇಕ ಮನೆಗಳಲ್ಲಿ ಗೌರವದ ವಸ್ತು. ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುವಂತಹದು. ಕಾಫಿ ತೋಟದ ಕೊಟ್ಟಿಗೆಯಲ್ಲಿ ಕೀಟನಾಶಕದ ಡಬ್ಬಿಯೂ ಇರುತ್ತದೆ. ಮನೆಯ ಹಿರಿಯರು “ನಾನಿದ್ದು ಯಾರಿಗೇನು ಪ್ರಯೋಜನ”, “ಬೇಗ ಕರೆಸಿಕೊಂಡರೆ ಸಾಕು” ಎಂದು ಮತ್ತೆ ಮತ್ತೆ ಹೇಳುತ್ತಿದ್ದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ಅದನ್ನು ವೈರಾಗ್ಯವೆಂದು ಮೆಚ್ಚಿ ಸುಮ್ಮನಾಗಬಾರದು. ಕೋವಿಯನ್ನೂ ತೋಟಾವನ್ನೂ ಬೇರೆ ಬೇರೆ ಬೀಗದಲ್ಲಿಡಬೇಕು; ಸಾಧ್ಯವಾದರೆ ಪರವಾನಗಿ ಅಥವಾ ವಿನಾಯಿತಿ ಇರುವ ಬಂಧುಗಳ ವಶಕ್ಕೆ ನಿಯಮದಂತೆ ಕೊಟ್ಟಿರಬೇಕು. ಕೀಟನಾಶಕವನ್ನು ಮನೆಯಿಂದಾಚೆಗೆ ಸಾಗಿಸಬೇಕು. “ಬದುಕು ಬೇಡವೆನಿಸುತ್ತದೆಯೆ?” ಎಂದು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಿದವರ ಮುಂದೆ ಎಷ್ಟೋ ಹಿರಿಯರು ಮೊದಲ ಬಾರಿಗೆ ಅತ್ತದ್ದನ್ನು ನಾನು ನೋಡಿದ್ದೇನೆ. ಉತ್ತರ ಹೌದೆಂದಾದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ದೈವ, ಮಠ, ವೈದ್ಯ

ಹಿರಿಯರಿಗೆ ಮನಸ್ಸು ಕೆಟ್ಟಾಗ ಅವರು ಮೊದಲು ಹೋಗುವುದು ವೈದ್ಯರಲ್ಲಿಗಲ್ಲ. ಕೆಲವರು ಕೈಮಡದ ಕಾರಣವರಲ್ಲಿ ಹರಕೆ ಹೊರುತ್ತಾರೆ, ಕೆಲವರು ದೈವದ ತೆರೆಯಲ್ಲಿ ಕೇಳುತ್ತಾರೆ, ನಮ್ಮ ಶನಿವಾರಸಂತೆ, ಕೊಡ್ಲಿಪೇಟೆ ಕಡೆಯವರು ಮಠಕ್ಕೆ ಬಂದು ಗುರುಗಳಲ್ಲಿ ಅರುಹುತ್ತಾರೆ. ಇದನ್ನು ಗದರಿಸುವ ವೈದ್ಯರ ಗುಂಪಿಗೆ ನಾನು ಸೇರಿದವನಲ್ಲ. ನಂಬಿದ ಸ್ಥಳದಲ್ಲಿ ನಾಲ್ಕು ಜನರ ನಡುವೆ ಕುಳಿತು, ಪ್ರಸಾದ ಸ್ವೀಕರಿಸಿ, ಹೇಳಿಕೊಂಡು ಹಗುರಾಗುವುದರಲ್ಲಿ ಗುಣವಿದೆ. ಆದರೆ ಎರಡು ಮಾತು. ಹರಕೆ ಹೊತ್ತೆವೆಂದು ಮಾತ್ರೆ ನಿಲ್ಲಿಸಬಾರದು. ಮತ್ತು ಖಿನ್ನತೆಯಲ್ಲಿರುವವರಿಗೆ “ನಿಮ್ಮ ಭಕ್ತಿ ಸಾಲದು” ಎಂದು ಯಾರೂ ಹೇಳಬಾರದು. ಪೂಜೆಗೆ ಕುಳಿತರೆ ಮನಸ್ಸು ನಿಲ್ಲದಿರುವುದು, ದೇವರೇ ಕೈಬಿಟ್ಟನೆನ್ನಿಸುವುದು, ಎಂದೋ ಮಾಡಿದ ಸಣ್ಣ ತಪ್ಪು ಬೆಟ್ಟದಂತೆ ಕಾಣುವುದು ಇವು ಆ ಕಾಯಿಲೆಯ ಲಕ್ಷಣಗಳು. ನನ್ನ ಅತ್ತೆಯವರು, ಐವತ್ತು ವರ್ಷ ಒಂದು ದಿನವೂ ಪೂಜೆ ತಪ್ಪಿಸದವರು, “ನಾನು ಪಾಪಿ, ಲಿಂಗ ಕೈಯಲ್ಲಿದ್ದರೂ ಕಣ್ಣಿಗೆ ಕಾಣುವುದಿಲ್ಲ” ಎಂದಿದ್ದರು. ಆಗ ಅವರಿಗೆ ಬೇಕಾಗಿದ್ದುದು ಉಪದೇಶವಲ್ಲ.

ಮಠಮಾನ್ಯಗಳು ಇಲ್ಲಿ ಮಾಡಬಹುದಾದ್ದು ಬಹಳವಿದೆ. ಅಮಾವಾಸ್ಯೆಗೆ, ಜಾತ್ರೆಗೆ, ದಾಸೋಹಕ್ಕೆ ಬರುವ ಹಿರಿಯರು ತಪ್ಪಿದಾಗ ಯಾಕೆ ಬರಲಿಲ್ಲವೆಂದು ವಿಚಾರಿಸುವುದೇ ಒಂದು ತಪಾಸಣೆ. ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠವೇ ನಡೆಸುವ ಜೆಎಸ್‌ಎಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮಠಕ್ಕೂ ಮನೋವೈದ್ಯಕ್ಕೂ ವೈರವಿಲ್ಲವೆನ್ನಲು ಹಿರಿಯರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಚಿಕಿತ್ಸೆ ಹೇಗಿರುತ್ತದೆ?

ಮೊದಲು ದೇಹದ ತಪಾಸಣೆ. ಥೈರಾಯ್ಡ್ ಕುಂದಿದ್ದರೆ, ಬಿ12 ಜೀವಸತ್ವದ ಕೊರತೆಯಿದ್ದರೆ, ರಕ್ತಹೀನತೆ ಇದ್ದರೆ, ಕೆಲವು ಔಷಧಗಳಿಂದಲೂ ಖಿನ್ನತೆಯಂತೆ ಕಾಣಬಹುದು. ಕಿವಿ ಕೇಳಿಸದಿರುವುದನ್ನು ಮರೆಯಬಾರದು. ಕೇಳಿಸದವರು ಮಾತಿನಿಂದ ಹಿಂದೆ ಸರಿಯುತ್ತಾರೆ. ನಾವು ಅದನ್ನು ಮುನಿಸು ಎನ್ನುತ್ತೇವೆ.

ಮರೆವಿನ ಬಗ್ಗೆ ಸ್ವಲ್ಪ ವಿವರ ಬೇಕು. ಖಿನ್ನತೆಯ ಮರೆವಿನಲ್ಲಿ ರೋಗಿ ತಾನೇ “ನನಗೇನೂ ನೆನಪಿರುವುದಿಲ್ಲ” ಎಂದು ಕೊರಗುತ್ತಾರೆ. ಚಿಕಿತ್ಸೆಯಿಂದ ಅದು ಬಹಳಷ್ಟು ಸುಧಾರಿಸುತ್ತದೆ. ಮೇಧಾಕ್ಷಯದಲ್ಲಿ, ಅಂದರೆ ಡಿಮೆನ್ಷಿಯಾದಲ್ಲಿ, ಸಾಮಾನ್ಯವಾಗಿ ದೂರುವವರು ಮನೆಯವರು. ರೋಗಿ ತನಗೇನೂ ಆಗಿಲ್ಲವೆನ್ನುತ್ತಾರೆ, ಮತ್ತು ಅದು ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಇವೆರಡೂ ಅಲ್ಲದ ಮೂರನೆಯದೊಂದಿದೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಸಂಜೆ ಹಗಲು ರಾತ್ರಿಯ ಗುರುತಿಲ್ಲದೆ ಗೊಂದಲದಲ್ಲಿ ಮಾತನಾಡತೊಡಗಿದರೆ ಅದು ಮನೋರೋಗವಲ್ಲ, ಗಾಳಿಯೂ ಅಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಸಕ್ಕರೆ ಏರುಪೇರು ಇಂತಹ ಕಾರಣವಿರುತ್ತದೆ. ಮಂತ್ರಿಸಿದ ನೀರಿಗೆ ಓಡುವ ಹೊತ್ತಲ್ಲ ಅದು, ಕೂಡಲೇ ಆಸ್ಪತ್ರೆ.

ಖಿನ್ನತೆಗೆ ಇಂದು ಕೊಡುವ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಹಿರಿಯರಿಗೆ ಅಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಫಲ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರೆಂಟು ವಾರ ಬೇಕು. ಇಲ್ಲಿಯೇ ಬಹಳ ಜನ ಎಡವುತ್ತಾರೆ: ಹತ್ತು ದಿನ ತೆಗೆದುಕೊಂಡು “ಏನೂ ಪ್ರಯೋಜನವಿಲ್ಲ” ಎಂದು ಬಿಡುತ್ತಾರೆ; ಇಲ್ಲವೇ ಚೆನ್ನಾದೊಡನೆ ಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಬೇಕಾಗುತ್ತದೆ. ಮೊದಲ ವಾರ ಹೊಟ್ಟೆ ತೊಳೆಸಿದಂತಾಗಬಹುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋಡಿಯಂ ಇಳಿಯುವ ಸಂಭವವಿರುವುದರಿಂದ ರಕ್ತಪರೀಕ್ಷೆ ಮಾಡಿಸಬೇಕು. ಆದ್ದರಿಂದ ಈಗಾಗಲೇ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸುವುದು ಉತ್ತಮ.

ಚಟ ಹಿಡಿಸುವುದು ಬೇರೆಯದು. ಅಲ್ಪ್ರಾಜೋಲಾಂನಂತಹ ನಿದ್ರೆಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸಿಕೊಳ್ಳುವ ಹಿರಿಯರು ನಮ್ಮಲ್ಲಿ ಅಸಂಖ್ಯ. ಅದರಿಂದ ಮರೆವು ಹೆಚ್ಚುತ್ತದೆ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ವಿಪರ್ಯಾಸವೆಂದರೆ ಮನೋವೈದ್ಯರ ಮಾತ್ರೆಗೆ ಹೆದರುವವರು ಇದಕ್ಕೆ ಹೆದರುವುದಿಲ್ಲ. ಇದನ್ನೂ ತಟ್ಟನೆ ನಿಲ್ಲಿಸದೆ ವೈದ್ಯರ ಸಲಹೆಯಂತೆ ಇಳಿಸುತ್ತ ಬರಬೇಕು.

ಮಾತ್ರೆಯಷ್ಟೇ ಚಿಕಿತ್ಸೆಯಲ್ಲ. ಆಪ್ತಸಮಾಲೋಚನೆಯಿದೆ. ದಿನಕ್ಕೊಂದು ಸಣ್ಣ ಕೆಲಸವನ್ನು, ಮನಸ್ಸಿಲ್ಲದಿದ್ದರೂ, ಗೊತ್ತಾದ ಹೊತ್ತಿಗೆ ಮಾಡುವ ಕ್ರಮವಿದೆ. ಹೂಗಿಡಕ್ಕೆ ನೀರು, ಕಣದ ತನಕ ನಡಿಗೆ, ಮೆಣಸು ಬಿಡಿಸುವುದು. ಕಾಯಕದ ಬೆಲೆಯನ್ನು ಬಲ್ಲ ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಮಕ್ಕಳು ಪ್ರೀತಿಯಿಂದಲೇ “ನೀವು ಸುಮ್ಮನೆ ಕೂತಿರಿ” ಎಂದು ಎಲ್ಲ ಕೆಲಸವನ್ನೂ ಕಿತ್ತುಕೊಂಡುಬಿಡುತ್ತಾರೆ.

ಎಲ್ಲಿಗೆ ಹೋಗಬೇಕು, ಹೇಗೆ ಹೇಳಬೇಕು

ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಿದೆ. ರಾಜ್ಯ ಸರಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯ ವ್ಯವಸ್ಥೆಯಿದೆ. ಹೊರಡುವ ಮುನ್ನ ಆಶಾ ಕಾರ್ಯಕರ್ತೆಯರಲ್ಲಿ ದಿನ, ಹೊತ್ತು ವಿಚಾರಿಸಿಕೊಂಡರೆ ವೃಥಾ ಪ್ರಯಾಣ ತಪ್ಪುತ್ತದೆ. ಮಳೆಗಾಲದಲ್ಲಿ ಹೊರಡಲಾಗದವರು ದೂರವಾಣಿಯಲ್ಲಿ 14416 ಒತ್ತಬಹುದು. ‘ಟೆಲಿ ಮಾನಸ್’ ಎಂಬ ಈ ಉಚಿತ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಇತರ ತೊಂದರೆಗಳಿಗೆ, ಮನೆಯಲ್ಲಿ ಹಿಂಸೆ, ನಿರ್ಲಕ್ಷ್ಯ ಇದ್ದರೆ, 14567. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಯೋಜನೆಯ ಸೌಲಭ್ಯವಿದೆ. ಆರೋಗ್ಯ ವಿಮೆ ಮಾಡಿಸಿದವರು ಗಮನಿಸಬೇಕಾದ್ದು: ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾರಕ್ಷಣೆ ಇರಬೇಕೆಂದು 2017ರ ಕಾಯ್ದೆ ವಿಧಿಸಿದೆ.

ಮನೆಯಲ್ಲಿ ಮಾತು ತೆಗೆಯುವ ಬಗೆಯೇ ಅರ್ಧ ಕೆಲಸ. “ನಿಮಗೆ ಮಾನಸಿಕ ತೊಂದರೆಯಿದೆ, ನಡೆಯಿರಿ” ಎಂದರೆ ಯಾರೂ ಏಳುವುದಿಲ್ಲ. “ಅಪ್ಪಯ್ಯ, ಮೂರು ವಾರದಿಂದ ನಿಮಗೆ ನಿದ್ರೆಯಿಲ್ಲ, ತೂಕ ಇಳಿದಿದೆ. ಇದಕ್ಕೆ ನುರಿತ ಡಾಕ್ಟರು ಇದ್ದಾರೆ. ನಾನೂ ಜೊತೆಗೆ ಬರುತ್ತೇನೆ” ಎಂದರೆ ಏಳುತ್ತಾರೆ. ಸುಳ್ಳು ಹೇಳಿ, ಕಣ್ಣಿನ ಆಸ್ಪತ್ರೆಗೆಂದು ಕರೆದೊಯ್ಯಬಾರದು. ಒಮ್ಮೆ ನಂಬಿಕೆ ಹೋದರೆ ಎರಡನೆಯ ಭೇಟಿಯಿಲ್ಲ. ವೈದ್ಯರ ಎದುರು ಮಗನೇ ಎಲ್ಲವನ್ನೂ ಹೇಳಿಬಿಡುವುದೂ ಸರಿಯಲ್ಲ. ಐದು ನಿಮಿಷ ಹೊರಗೆ ಕುಳಿತಿರಿ; ಹಿರಿಯರು ಸೊಸೆಯ ಮುಂದೆ ಹೇಳದ ಮಾತನ್ನು ಆಗ ಹೇಳುತ್ತಾರೆ. ಕೊಡಗು ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪನವರು ತಾವು ಖಿನ್ನತೆಯಿಂದ ಬಳಲಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕ್ರಿಕೆಟ್ ನೋಡುವ ಒಬ್ಬ ಮಾಜಿ ಸುಬೇದಾರರಿಗೆ ನಾನು ಇದನ್ನು ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಅವನೂನಾ?” ಎಂದರು. ಮುಂದಿನ ವಾರ ತಾವಾಗಿಯೇ ಬಂದರು.

ನನ್ನ ಅತ್ತೆಯವರು ಇಂದಿಗೂ ಅದನ್ನು ಖಿನ್ನತೆಯೆನ್ನುವುದಿಲ್ಲ. ತಮ್ಮ ಮನೋವೈದ್ಯರನ್ನು ಅವರು ಕರೆಯುವುದು ‘ನಿದ್ರೆ ಡಾಕ್ಟರು’ ಎಂದು. ನಾನು ತಿದ್ದಲು ಹೋಗಿಲ್ಲ. ಏಳನೆಯ ವಾರದಲ್ಲಿ ಅವರು ಬೆಳಗ್ಗೆ ಐದರವರೆಗೆ ಮಲಗಿದರು. ಆ ವರ್ಷದ ಕೊಯ್ಲಿನಲ್ಲಿ ಕಣಕ್ಕೆ ಕುರ್ಚಿ ಹಾಕಿಸಿಕೊಂಡು ಕುಳಿತು, ಒಣಗದ ಕಾಫಿಯನ್ನು ರಾಶಿ ಮಾಡಿದ್ದಕ್ಕೆ ಆಳುಗಳನ್ನು ಬೈದರೆಂದು ಕೆಲಸದಾಕೆ ನನಗೆ ಫೋನ್ ಮಾಡಿ ನಗುತ್ತ ಹೇಳಿದಳು. ಕಳೆದ ತಿಂಗಳು ಒಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಪಡಸಾಲೆಯಲ್ಲಿ ಅವರನ್ನು ಕಂಡೆ. ಮಾತ್ರೆಗೆ ಬಂದಿರಾ ಅತ್ತೆ ಎಂದೆ. “ನನಗಲ್ಲ” ಎಂದು ಪಕ್ಕದಲ್ಲಿ ಸೆರಗು ಹೊದ್ದು ತಲೆ ತಗ್ಗಿಸಿ ಕುಳಿತಿದ್ದ ನೆರೆಮನೆಯ ಹಿರಿಯ ಹೆಂಗಸನ್ನು ತೋರಿಸಿ, ದನಿ ತಗ್ಗಿಸಿ ಹೇಳಿದರು: “ಇವಳಿಗೂ ಎದೆಯುರಿಯಂತೆ.”